ಹದಿನಾಲ್ಕು ಹೋಮ್ ರನ್ನಿನ ಚಂದ್ರಮೌಳಿ

ಆಕ್ಲೆಂಡಿನ ಪಾಪಟೋಯಿಟೋಯಿ ರೈಲ್ವೆ ಸ್ಟೇಷನ್ನಿನಿಂದ ಹತ್ತು ನಿಮಿಷ ನಡೆದರೆ ಒಂದು ಮೈದಾನ, ಮೈದಾನದ ಮೂಲೆಯಲ್ಲಿ ತಗಡಿನ ಸೂರಿನ ಒಂದು ಕ್ಲಬ್ಬು. ಅದರೊಳಗೆ ಚಹಾ ಕಾಸುವ ಕಟ್ಟೆಯ ಮೇಲುಗಡೆ ಒಂದು ಮರದ ಹಲಗೆ ತೂಗುಹಾಕಿತ್ತು. ಆ ಹಲಗೆಯ ಒಂದೇ ಒಂದು ಸಾಲಿಗಾಗಿ ಚಂದ್ರಮೌಳಿ ಬದುಕಿದ್ದ ಎಂದರೆ ಹೆಚ್ಚು ಹೇಳಿದಂತೇನೂ ಆಗದು. ಸಿ. ಮೌಳಿ, ೨೦೦೨–೦೩, ಹದಿನಾಲ್ಕು. ಅಂದರೆ ಒಂದೇ ಬೇಸಿಗೆಯಲ್ಲಿ ಹದಿನಾಲ್ಕು ಹೋಮ್ ರನ್. ಬೇಸ್‌ಬಾಲಿನಲ್ಲಿ ಚೆಂಡನ್ನು ಬೇಲಿಯಾಚೆ ಅಟ್ಟಿದರೆ ಅದು ಹೋಮ್ ರನ್. ನಮ್ಮ ಸಿಕ್ಸರಿನ ಅಣ್ಣ ಎನ್ನಬಹುದು, ಆದರೆ ಸಿಕ್ಸರಿನಷ್ಟು ಅಗ್ಗವಲ್ಲ. ಆ ಕ್ಲಬ್ಬಿನ ಚರಿತ್ರೆಯಲ್ಲಿ ಅಷ್ಟನ್ನು ಹೊಡೆದವರು ಬೇರೆ ಯಾರೂ ಇರಲಿಲ್ಲ.

ಚಹಾ ಮಾಡುವ ಸರದಿ ಯಾರದ್ದೇ ಇರಲಿ, ಚಂದ್ರಮೌಳಿ ತಾನೇ ಎದ್ದುಹೋಗಿ ಮಾಡುತ್ತಿದ್ದ. ಎಂಥ ಸೇವಾಭಾವ ಎಂದು ಹೊಸಬರು ಬೆರಗಾಗುತ್ತಿದ್ದರು. ನೀರು ಕುದಿಯುವಷ್ಟು ಹೊತ್ತು ತಲೆಯೆತ್ತಿ ಹಲಗೆ ಓದಬಹುದಲ್ಲ, ಅದೇ ಆ ಸೇವೆಯ ಗುಟ್ಟು.

ಮನುಷ್ಯ ಮೈಸೂರಿನವನು. ಕಾಲೇಜಿನಲ್ಲಿ ಕ್ರಿಕೆಟ್ ತಂಡಕ್ಕೆ ಸೇರಿಸಿಕೊಳ್ಳದೆ ಇದ್ದಾಗ ಸಿಟ್ಟಿನಿಂದ ಸಾಫ್ಟ್‌ಬಾಲ್ ತಂಡಕ್ಕೆ ಸೇರಿದ್ದ. ಆ ಸಿಟ್ಟು ಅವನನ್ನು ಯೂನಿವರ್ಸಿಟಿ ಮಟ್ಟದವರೆಗೂ ಕೊಂಡೊಯ್ದಿತು. ತೊಂಬತ್ತೊಂಬತ್ತರಲ್ಲಿ ಹೆಂಡತಿ ಕಾತ್ಯಾಯಿನಿ, ನಾಲ್ಕು ವರ್ಷದ ಮಗಳು ಮಾನ್ಯಳೊಂದಿಗೆ ಆಕ್ಲೆಂಡಿಗೆ ಬಂದ. ಏರ್‌ಪೋರ್ಟಿನ ಹತ್ತಿರ, ವಿಮಾನದ ಊಟ ತಯಾರಿಸುವ ಅಡುಗೆಮನೆಯಲ್ಲಿ ಕೋಲ್ಡ್ ರೂಮುಗಳನ್ನು ನೋಡಿಕೊಳ್ಳುವ ಎಂಜಿನಿಯರ್ ಕೆಲಸ. ಥರ್ಮಾಮೀಟರಿನಲ್ಲಿ ಅರ್ಧ ಡಿಗ್ರಿ ಏರಿದರೆ ಮುನ್ನೂರು ಊಟ ಕಸದ ಬುಟ್ಟಿಗೆ ಹಾಕಿಸುವ ಅಧಿಕಾರ ಅವನಿಗಿತ್ತು. ಅದನ್ನು ಅವನು ಬಹಳ ಪ್ರೀತಿಯಿಂದ ಚಲಾಯಿಸುತ್ತಿದ್ದ. ಕನ್ನಡ ಕೂಟದ ಗಣೇಶ ಹಬ್ಬದಲ್ಲಿ ಪ್ರಸಾದದ ಸಾಲು ವಕ್ರವಾದರೆ ಬಡಿಸುವುದನ್ನೇ ನಿಲ್ಲಿಸುತ್ತಿದ್ದ. ಕ್ಲಬ್ಬಿನ ರೂಲ್ಸ್ ಕಮಿಟಿಯಲ್ಲಿ ಅವನಿರಲಿಲ್ಲ, ಅವನೇ ರೂಲ್ಸ್ ಕಮಿಟಿ.

ಇಂಥ ನಿಯಮಭಕ್ತನ ಮನೆಗೆ ವರ್ಷಕ್ಕೆರಡು ಸಲ ಮೈಸೂರಿನಿಂದ, ಬರುವವರ ಸೂಟ್‌ಕೇಸಿನಲ್ಲಿ ಅಡಗಿ, ಒಂದು ಪೊಟ್ಟಣ ಬರುತ್ತಿತ್ತು. ಅದರ ಮೇಲೆ ಅವನ ಅಕ್ಕ ದೊಡ್ಡಕ್ಷರದಲ್ಲಿ 'ರಸಂ ಪೌಡರ್' ಎಂದು ಬರೆಯುತ್ತಿದ್ದಳು. ಒಳಗಿದ್ದದ್ದು ಒಬ್ಬ ಪಂಡಿತರು ಕೊಟ್ಟ ಕೀಲುನೋವಿನ ಚೂರ್ಣ. ಎರಡು ಸಾವಿರದ ಎರಡರ ಚಳಿಗಾಲದಲ್ಲಿ, ಅಂದರೆ ಅಲ್ಲಿನ ಜೂನ್ ಜುಲೈಯಲ್ಲಿ, ಚಂದ್ರಮೌಳಿಯ ಬಲ ಭುಜ ಹಿಡಿದುಕೊಂಡು, ಅಂಗಿ ಹಾಕಿಕೊಳ್ಳುವುದೂ ಕಷ್ಟವಾಗಿತ್ತು. ಆಗ ಬಂದ ಚೂರ್ಣ ಹತ್ತೇ ದಿನದಲ್ಲಿ ಭುಜ ಬಿಡಿಸಿತು. ಅಂದಿನಿಂದ ಕಾತ್ಯಾಯಿನಿ ಅದನ್ನು ಜೇನುತುಪ್ಪದಲ್ಲಿ ಕಲಸಿ, ಬೆಳಗಿನ ಕಾಫಿಗೆ ಮೊದಲು ಒಂದು ಚಮಚ ಕೊಡುತ್ತಿದ್ದಳು. ಅವನು ಪೇಪರಿನಿಂದ ಕಣ್ಣೆತ್ತದೆ ಬಾಯಿ ತೆರೆಯುತ್ತಿದ್ದ. ಲೇಹ್ಯ ಎನ್ನುತ್ತಿದ್ದ ಅದನ್ನು. ಡಬ್ಬಿ ಯಾವುದು, ಪುಡಿಯ ಬಣ್ಣ ಯಾವುದು ಎಂದು ಒಂದು ದಿನವೂ ನೋಡಿದವನಲ್ಲ. ಅಡುಗೆಮನೆಯ ಡಬ್ಬಿ ತೆರೆದು ನೋಡುವ ಅಭ್ಯಾಸ ಆ ವಂಶದ ಗಂಡಸರಿಗೆ ಇರಲಿಲ್ಲ.

ಹರಿಪ್ರಸಾದ ಸಿಕ್ಕಿದ್ದು ಎರಡು ಸಾವಿರದ ಆರರಲ್ಲಿ, ಸ್ಯಾಂಡ್ರಿಂಗಮ್ಮಿನ ಒಂದು ಇಂಡಿಯನ್ ಅಂಗಡಿಯಲ್ಲಿ ಕರಿಬೇವು ಆರಿಸುವಾಗ. ಬೆಂಗಳೂರಿನ ಹುಡುಗ, ಮೂವತ್ತೊಂದು ವರ್ಷ, ಬ್ಯಾಂಕೊಂದರ ಸಾಫ್ಟ್‌ವೇರ್ ಕೆಲಸಕ್ಕೆ ಬಂದು ಎರಡು ತಿಂಗಳಾಗಿತ್ತು, ಗೊತ್ತಿರುವವರು ಯಾರೂ ಇರಲಿಲ್ಲ. ಚಂದ್ರಮೌಳಿಗೆ ಕನಿಕರ ಉಕ್ಕಿತು. ಅವನನ್ನು ಮನೆಗೆ ಕರೆದು ಬಿಸಿಬೇಳೆಭಾತ್ ಹಾಕಿಸಿದ, ಕ್ಲಬ್ಬಿಗೆ ಕರೆದೊಯ್ದ, ತನ್ನದೇ ಹಳೆಯ ಬ್ಯಾಟು ಕೈಗೆ ಕೊಟ್ಟು ಹೇಗೆ ಹಿಡಿಯಬೇಕೆಂದು ತೋರಿಸಿದ. ಗಲ್ಲಿ ಕ್ರಿಕೆಟ್ ಬಿಟ್ಟು ಬೇರೇನೂ ಆಡದ ಹರಿಪ್ರಸಾದ ತೋರಿಸಿದಂತೆ ಹಿಡಿಯಲಿಲ್ಲ. ತನಗೆ ತೋಚಿದಂತೆ ಬೀಸಿದ. ಚೆಂಡು ಬೇಲಿ ದಾಟಿ, ಕಾರುಗಳನ್ನು ದಾಟಿ, ರಸ್ತೆಯಾಚೆಯ ಡೈರಿ ಅಂಗಡಿಯ ಮುಂದೆ ಬಿತ್ತು.

ಮೊದಲು ಚಪ್ಪಾಳೆ ತಟ್ಟಿದ್ದು ಚಂದ್ರಮೌಳಿಯೇ. ಆಮೇಲಿನ ಎರಡು ವರ್ಷ ಆ ಚಪ್ಪಾಳೆಯನ್ನು ಅವನು ಮನಸ್ಸಿನಲ್ಲೇ ಎಷ್ಟು ಸಲ ವಾಪಸ್ ತೆಗೆದುಕೊಂಡನೋ.

ಮೊದಲ ಬೇಸಿಗೆ ಹರಿಪ್ರಸಾದ ಒಂಬತ್ತು ಹೊಡೆದ. ಎರಡನೆಯ ಬೇಸಿಗೆ, ಎರಡು ಸಾವಿರದ ಏಳರ ಕ್ರಿಸ್‌ಮಸ್ ಬರುವ ಹೊತ್ತಿಗೇ ಒಂಬತ್ತು ಮುಗಿದಿತ್ತು. ಸೀಸನ್ ಮಾರ್ಚ್‌ವರೆಗೂ ಇತ್ತು. ಚಂದ್ರಮೌಳಿಗೆ ಆಗ ನಲವತ್ನಾಲ್ಕು. ಮುಖ ತುಂಬಿ ಗುಂಡಗಾಗಿತ್ತು, ಸಕ್ಕರೆ ಕಾಯಿಲೆಗೆ ಮಾತ್ರೆ ಶುರುವಾಗಿತ್ತು, ಬೇಸಿಗೆಗೆ ಎರಡು ಹೊಡೆದರೆ ದೊಡ್ಡದು. ನ್ಯೂಜಿಲೆಂಡಿನ ಹಾಲು ಬೆಣ್ಣೆ ಮೈಗೆ ಹಿಡಿದಿದೆ ಎಂದು ಜನ ಅವನನ್ನು ಹೊಗಳುತ್ತಿದ್ದರು.

ಹೊಡೆದದ್ದಕ್ಕೆ ಹೊಟ್ಟೆಕಿಚ್ಚಾದರೆ ಹೇಗೋ ತಡೆದುಕೊಳ್ಳಬಹುದಿತ್ತು. ಆದರೆ ಹರಿಪ್ರಸಾದ ಒಳ್ಳೆಯವನೂ ಆಗಿದ್ದ, ಅದೇ ಕಷ್ಟ. ಆಟ ಮುಗಿದ ಮೇಲೆ ಬೇಲಿಯ ಗೂಟ ಕೀಳಲು ಅವನೇ ಮುಂದು. ಕ್ಲಬ್ಬಿನ ಅಧ್ಯಕ್ಷ, ಟೋಂಗಾದ ದೈತ್ಯ ಟೆವಿತಾ, ಅವನನ್ನು ತಮ್ಮ ಎನ್ನುತ್ತಿದ್ದ. ಕನ್ನಡ ಕೂಟದವರು ರಾಜ್ಯೋತ್ಸವದಲ್ಲಿ ಅವನಿಗೆ ಶಾಲು ಹೊದಿಸಿದರು. ಹದಿನಾಲ್ಕು ಹೊಡೆದವನು ಅದೇ ಸಭೆಯಲ್ಲಿ ಕುರ್ಚಿ ಜೋಡಿಸುತ್ತಿದ್ದ, ಅವನಿಗೆ ಯಾರೂ ಕರವಸ್ತ್ರವನ್ನೂ ಹೊದಿಸಿರಲಿಲ್ಲ. ಹದಿಮೂರರ ಮಾನ್ಯ ಬ್ಯಾಟಿಂಗ್ ಕಲಿಯಲು ಅಪ್ಪನನ್ನು ಬಿಟ್ಟು ಹರಿ ಅಂಕಲ್ ಹತ್ತಿರ ಹೋದಳು. ಯಾಕೆಂದು ಕೇಳಿದರೆ, "ಹೀ ಈಸ್ ಜಸ್ಟ್ ಬೆಟರ್, ಅಪ್ಪ," ಎಂದಳು, ಹವಾಮಾನ ಹೇಳುವಷ್ಟು ಸಲೀಸಾಗಿ. ಕಾತ್ಯಾಯಿನಿಯೂ ಅಷ್ಟೇ. "ಪಾಪ, ಒಬ್ಬನೇ ಇರ್ತಾನೆ, ಮೊಣಕಾಲು ನೋವು ಬೇರೆ ಅಂತೆ," ಎಂದು ಡಬ್ಬಿ ತುಂಬಿ ಪುಳಿಯೋಗರೆ ಕಳಿಸುತ್ತಿದ್ದಳು. ಮೊಣಕಾಲು ನೋಯುತ್ತದೆ ಎಂದು ಕೇಳಿ ಚಂದ್ರಮೌಳಿಗೆ ಎರಡು ದಿನ ಸುಖವಾಗಿ ನಿದ್ದೆ ಬಂದಿತ್ತು. ಆದರೆ ಹುಡುಗ ಮತ್ತೆ ಓಡತೊಡಗಿದ, ನಿದ್ದೆ ಹೋಯಿತು.

ಅಂಥ ಹೊತ್ತಿಗೆ ಅಮೆರಿಕ ಅವನ ನೆರವಿಗೆ ಬಂತು. ಆ ಆಗಸ್ಟಿನಲ್ಲಿ ಅಲ್ಲಿನ ಹೋಮ್ ರನ್ನುಗಳ ಅತಿ ದೊಡ್ಡ ದಾಖಲೆ ಮುರಿದಿತ್ತು. ಮುರಿದವನ ಮೇಲೆ ಸ್ಟಿರಾಯ್ಡ್ ಸೇವನೆಯ ಗುಮಾನಿ ಇತ್ತು. ದಾಖಲೆಯ ಪಕ್ಕ ಒಂದು ನಕ್ಷತ್ರದ ಗುರುತು ಹಾಕಬೇಕು, ಓದುವವರಿಗೆಲ್ಲ ಇದು ಅನುಮಾನದ ಲೆಕ್ಕ ಎಂದು ಗೊತ್ತಾಗಬೇಕು ಎಂದು ಅಲ್ಲಿ ಜನ ವಾದಿಸುತ್ತಿದ್ದರು. ಡಿಸೆಂಬರಿನಲ್ಲಿ ಹತ್ತಾರು ಆಟಗಾರರ ಹೆಸರಿದ್ದ ತನಿಖೆಯ ವರದಿಯೇ ಹೊರಬಂತು. ನಾನೂರಕ್ಕೂ ಹೆಚ್ಚು ಪುಟ. ಚಂದ್ರಮೌಳಿ ಅಷ್ಟನ್ನೂ ಆಫೀಸಿನ ಪ್ರಿಂಟರಿನಲ್ಲಿ ತೆಗೆದು, ಗೆರೆ ಎಳೆದೆಳೆದು ಓದಿದ.

ಮುಂದಿನ ಶನಿವಾರ ಕ್ಲಬ್ಬಿನಲ್ಲಿ ಆ ಕಂತೆಯನ್ನು ಮೇಜಿನ ಮೇಲಿಟ್ಟ. ನಮಗೂ ಒಂದು ನಿಯಮ ಬೇಕು ಎಂದ. ಟೆವಿತಾ ಹೊಟ್ಟೆ ಕುಣಿಸಿ ನಕ್ಕ. "ಮೌಳಿ, ಅವರು ಕೋಟಿಗಟ್ಟಲೆ ಡಾಲರಿಗೆ ಆಡ್ತಾರೆ. ನಾವು ಆಡೋದು ಆಟ ಮುಗಿದ ಮೇಲೆ ಸಿಗೋ ಸಾಸೇಜಿಗೆ," ಎಂದ ಇಂಗ್ಲಿಷಿನಲ್ಲಿ. ಆಮೇಲೆ ಗಂಭೀರನಾಗಿ, ಅಲ್ಲಿ ತಪ್ಪು ಆಟಗಾರರದ್ದು ಮಾತ್ರವಲ್ಲ ಎಂದೂ ಹೇಳಿದ. ಸರಿಯಾಗಿ ಪರೀಕ್ಷೆ ಮಾಡದೆ ವರ್ಷಗಟ್ಟಲೆ ಕಣ್ಣು ಮುಚ್ಚಿ ಕುಳಿತವರು ಈಗ ಹಳೆಯ ಲೆಕ್ಕ ಕೆದಕುವುದು ಯಾವ ನ್ಯಾಯ, ಎಂದ.

"ನಿಯಮ ಅಂದರೆ ನಿಯಮ," ಎಂದ ಚಂದ್ರಮೌಳಿ.

ಪಕ್ಕದಲ್ಲಿ ಕುಳಿತಿದ್ದ ಹರಿಪ್ರಸಾದ ಕನ್ನಡದಲ್ಲಿ ಮೆಲ್ಲಗೆ ಕೇಳಿದ. "ಗೊತ್ತಿಲ್ದೆ ತಿಂದೋರಿಗೂ ಅದೇ ರೂಲಾ, ಮೌಳಿ ಸಾರ್?"

"ಬಾಯಿ ಯಾರದಪ್ಪ? ಒಳಗೆ ಏನು ಹೋಗುತ್ತೆ ಅಂತ ನೋಡ್ಕೊಳ್ಳೋದು ಬಾಯಿ ಇರೋನ ಜವಾಬ್ದಾರಿ."

ಬೇಡವೆನ್ನುವ ಉತ್ಸಾಹ ಯಾರಿಗೂ ಇರಲಿಲ್ಲವಾದ್ದರಿಂದ ನಿಯಮ ಪಾಸಾಯಿತು. ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಆಟದ ದಿನಕ್ಕೆ ನಿಷೇಧಿಸಿದ ಯಾವುದನ್ನೇ ಸೇವಿಸಿದರೂ, ತಿಳಿದೋ ತಿಳಿಯದೆಯೋ, ಆ ಬೇಸಿಗೆಯ ದಾಖಲೆಯ ಪಕ್ಕ ನಕ್ಷತ್ರ. ನಕ್ಷತ್ರವಿರುವ ಸಾಲು ದಾಖಲೆಯಾಗಿ ಲೆಕ್ಕಕ್ಕಿಲ್ಲ. ಒಬ್ಬನನ್ನೇ ಗುರಿಯಿಟ್ಟಂತೆ ಕಾಣಬಾರದೆಂದು, 'ಹಳೆಯ ದಾಖಲೆಗಳಿಗೂ ಅನ್ವಯಿಸುತ್ತದೆ' ಎಂಬ ಸಾಲನ್ನು ಚಂದ್ರಮೌಳಿ ತನ್ನ ಕೈಯಾರೆ ಸೇರಿಸಿದ. ಆ ಸಾಲು ಬರೆದಾಗ ತನ್ನ ನ್ಯಾಯಬುದ್ಧಿಯನ್ನು ತಾನೇ ಮೆಚ್ಚಿಕೊಂಡಿದ್ದ.

ಜನವರಿಯ ಒಂದು ಮಧ್ಯಾಹ್ನ ಅವನಿಗೆ ಬೇಕಾದದ್ದು ಕಣ್ಣಿಗೆ ಬಿತ್ತು. ಆಟಕ್ಕೆ ಮೊದಲು ಹರಿಪ್ರಸಾದ ಬೆಂಚಿನ ಕೊನೆಯಲ್ಲಿ ಕುಳಿತು, ಚೀಲದಿಂದ ಪುಟ್ಟ ಪ್ಲಾಸ್ಟಿಕ್ ಡಬ್ಬಿ ತೆಗೆದು, ಬೂದು ಬಣ್ಣದ ಪುಡಿಯನ್ನು ನಾಲಿಗೆ ಮೇಲೆ ಹಾಕಿಕೊಂಡು ನೀರು ಕುಡಿದ. ಆ ದಿನ ಎರಡು ಹೊಡೆದ. ಹನ್ನೆರಡಾಯಿತು. ಹನ್ನೆರಡನೆಯದು ಬೇಲಿ ದಾಟುತ್ತಿದ್ದಾಗ ಎಲ್ಲರೂ ಆಕಾಶ ನೋಡುತ್ತಿದ್ದರು, ಚಂದ್ರಮೌಳಿ ಮಾತ್ರ ಆ ಚೀಲದೊಳಗೆ ಕೈ ಹಾಕಿದ್ದ. ಎರಡು ಚಿಟಿಕೆ ಪುಡಿಯನ್ನು ಸ್ಕೋರ್ ಹಾಳೆಯ ಚೂರಿನಲ್ಲಿ ಮಡಚಿಕೊಂಡ. ನಾಚಿಕೆಯಾಗಬೇಕಿತ್ತು, ಆದರೆ ಆದದ್ದು ಖುಷಿ.

ಅವನ ಕೆಲಸದ ಕಡೆಯ ಆಹಾರ ಪರೀಕ್ಷೆಗೆ ಹೋಗುತ್ತಿದ್ದ ಲ್ಯಾಬಿನಲ್ಲಿ ಹುಬ್ಬಳ್ಳಿಯ ಫಹಮಿದಾ ಕೆಲಸಕ್ಕಿದ್ದಳು, ಹಳೆಯ ಪರಿಚಯ. ಯಾರದೆಂದು ಹೇಳದೆ ಪೊಟ್ಟಣ ಕೊಟ್ಟ. ಮೂರು ವಾರದ ಮೇಲೆ ಅವಳು ವರದಿ ಕೈಗಿಟ್ಟು ಕೂರಿಸಿ ಮಾತಾಡಿದಳು.

"ಇದರಾಗ ಬೇರು ನಾರಿನ ಜೋಡಿ ಡೆಕ್ಸಾಮೆಥಾಸೋನ್ ಬೆರಸ್ಯಾರ್ರಿ. ಸ್ಟಿರಾಯ್ಡು. ಮೈ ಕಟ್ಟೂ ಪೈಕಿ ಅಲ್ಲ ಇದು, ನೋವು ಮುಚ್ಚೂ ಪೈಕಿ."

"ಪಟ್ಟಿಯಲ್ಲಿದೆಯಾ ಇಲ್ವಾ, ಅಷ್ಟು ಹೇಳಿ."

"ಪಟ್ಟ್ಯಾಗ ಐತ್ರಿ. ಆದರ ಪಟ್ಟಿ ಮಾತು ಬಿಡ್ರಿ. ಯಾರು ತಗೋಳಾಕ್‌ಹತ್ಯಾರೋ ಅವರನ್ನ ಡಾಕ್ಟರ ಕಡೆ ಕಳಸ್ರಿ. ವರ್ಷಗಟ್ಟಲೆ ತಿಂದ್ರ ಮಾರಿ ಗುಂಡಗ ಆಗ್ತದ, ಸಕ್ಕರಿ ಏರ್ತದ. ಒಮ್ಮೆಲೆ ಬಿಟ್ರೂ ಅಪಾಯ."

ಹರಿಪ್ರಸಾದನ ಮುಖ ಮುಂದೊಂದು ದಿನ ಗುಂಡಗಾಗುವುದನ್ನು ಕಲ್ಪಿಸಿಕೊಂಡು, ಚಂದ್ರಮೌಳಿ ತನ್ನ ಗುಂಡು ಮುಖದಲ್ಲಿ ಗಂಭೀರವಾಗಿ ತಲೆಯಾಡಿಸಿದ. ಡಾಕ್ಟರನ್ನು ಕಾಣುವ ಮಾತನ್ನು ಹರಿಪ್ರಸಾದನಿಗೆ ಆ ದಿನವೇ ಹೇಳಬಹುದಿತ್ತು. ಹೇಳಲಿಲ್ಲ. ಹೇಳಿದರೆ ಅವನು ಪುಡಿ ಬಿಟ್ಟುಬಿಡುತ್ತಾನೆ, ಬಿಟ್ಟ ಮೇಲೂ ಹೊಡೆದರೆ ಏನು ಗತಿ? ಕಾಯುವುದು ಒಳ್ಳೆಯದು ಎಂದು ಕಾದ. ಇಷ್ಟು ದಿನದಲ್ಲಿ ಅವನು ಮಾಡಿದ ನಿಜವಾದ ಪಾಪ ಅದೊಂದೇ, ಉಳಿದದ್ದೆಲ್ಲ ಬರೀ ಸಣ್ಣತನ.

ಫೆಬ್ರವರಿಯ ಕೊನೆಯ ಆಟದಲ್ಲಿ ಹರಿಪ್ರಸಾದ ಹದಿನೈದನೆಯದನ್ನು ಹೊಡೆದ. ಟೆವಿತಾ ಅವನನ್ನು ಹೆಗಲ ಮೇಲೆ ಹೊತ್ತು ತಿರುಗಿದ. ಚಂದ್ರಮೌಳಿಯೂ ಹೋಗಿ ಕೈಕುಲುಕಿದ. "ನೀವು ಕಲಿಸಿದ್ದು, ಮೌಳಿ ಸಾರ್," ಎಂದ ಹುಡುಗ. ಆ ಮಾತು ನಿಜವಾಗಿದ್ದರೆ ಎಷ್ಟು ಚೆನ್ನಾಗಿತ್ತು ಎನ್ನಿಸಿ ಚಂದ್ರಮೌಳಿಗೆ ಇನ್ನೂ ಉರಿಯಿತು.

ಮಾರ್ಚ್ ತಿಂಗಳ ಮೂರನೆಯ ಶನಿವಾರ, ಮಧ್ಯಾಹ್ನ, ಕ್ಲಬ್ಬಿನ ಬಹುಮಾನದ ಸಭೆ. ನಲವತ್ತು ಜನ ಸೇರಿದ್ದರು. ಹೊರಗೆ ಬಾರ್ಬೆಕ್ಯೂ ಉರಿಯುತ್ತಿತ್ತು, ಒಳಗೆ ಮೇಜಿನ ಹಿಂದೆ ಕಾತ್ಯಾಯಿನಿ ಚಿತ್ರಾನ್ನದ ತಟ್ಟೆ ಹಿಡಿದು ನಿಂತಿದ್ದಳು. ಹಲಗೆ ಕೆಳಗಿಳಿದಿತ್ತು, ಬಿಳಿ ಬಣ್ಣದ ಡಬ್ಬಿ ತೆರೆದಿತ್ತು. ಟೆವಿತಾ ಹರಿಪ್ರಸಾದನ ಹೆಸರು ಕೂಗುವ ಮೊದಲು ಚಂದ್ರಮೌಳಿ ಎದ್ದು ನಿಂತ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ. ವರದಿಯನ್ನು ಓದಿದ, ನಿಯಮವನ್ನು ಓದಿದ, ತನಗೆ ಬಹಳ ದುಃಖವಾಗಿದೆ ಎಂದೂ ಹೇಳಿದ.

ಹರಿಪ್ರಸಾದನ ಮುಖ ಬಿಳಿಚಿಕೊಂಡಿತು. ತನ್ನ ಚೀಲಕ್ಕೆ ಕೈ ಹಾಕಿದವರು ಯಾರು ಎಂದು ಅವನು ಕೇಳಲಿಲ್ಲ.

"ಆ ಪುಡಿ ನಿನಗೆ ಎಲ್ಲಿಂದ ಬಂತು?" ಎಂದ ಟೆವಿತಾ.

ಹರಿಪ್ರಸಾದ ಮೇಜಿನ ಕಡೆ ಒಮ್ಮೆ ನೋಡಿದ. "ಮನೆಯಿಂದ," ಎಂದ ಇಂಗ್ಲಿಷಿನಲ್ಲಿ. "ಊರಿನಿಂದ ತರಿಸಿಕೊಂಡೆ. ಒಳಗೇನಿದೆ ಅಂತ ನಾನು ವಿಚಾರಿಸಲಿಲ್ಲ. ತಪ್ಪು ನನ್ನದು. ನಕ್ಷತ್ರ ಹಾಕಿ."

ಅಷ್ಟರಲ್ಲಿ ಕಾತ್ಯಾಯಿನಿ ತಟ್ಟೆ ಕೆಳಗಿಟ್ಟು ಗಂಡನ ಪಕ್ಕಕ್ಕೆ ಬಂದಿದ್ದಳು. ಅವಳ ಕೈಗೆ ಇನ್ನೂ ಅರಿಶಿನದ ಅನ್ನ ಅಂಟಿತ್ತು. ಸುತ್ತ ಇದ್ದವರಿಗೆ ಅರ್ಥವಾಗದ ಕನ್ನಡದಲ್ಲಿ, ತುಟಿ ಅಲುಗಿಸದಷ್ಟು ಮೆಲ್ಲಗೆ ಹೇಳಿದಳು.

"ರೀ, ಅದು ನಮ್ಮನೆ ಡಬ್ಬೀದು. ಮೊಣಕಾಲು ನೋವು ಅಂದಿದ್ದಕ್ಕೆ ನಾನೇ ಕೊಟ್ಟಿದ್ದು. ನಿಮ್ಮ ಲೇಹ್ಯದ ಪುಡಿ."

ಚಂದ್ರಮೌಳಿಗೆ ಅರ್ಥವಾಗಲು ಬಹಳ ಹೊತ್ತು ಹಿಡಿಯಲಿಲ್ಲ. ಬಿಡಿಸಿಕೊಂಡ ಭುಜ, ಹದಿನಾಲ್ಕರ ಬೇಸಿಗೆ, ಸಕ್ಕರೆಯ ಮಾತ್ರೆ, ಕನ್ನಡಿಯ ಗುಂಡು ಮುಖ, ಆರು ವರ್ಷದ ಚಮಚಗಳು, ಎಲ್ಲ ಒಂದರ ಹಿಂದೊಂದು ಸಾಲಾಗಿ ಬಂದವು. ಆದರೂ ಅವನ ಬುದ್ಧಿ ಚುರುಕಾಗಿಯೇ ಇತ್ತು. ಇದು ಗೊತ್ತಿರುವುದು ಮೂವರಿಗೆ ಮಾತ್ರ ಎಂದು ಅದು ತಕ್ಷಣ ಎಣಿಸಿತು. ಹೆಂಡತಿ ಬಾಯಿ ಬಿಡುವುದಿಲ್ಲ. ಹರಿಪ್ರಸಾದ ಆಗಲೇ ಸುಳ್ಳು ಹೇಳಿ ಮುಗಿಸಿದ್ದಾನೆ. ಸುಮ್ಮನೆ ಕುಳಿತರೆ ಸಾಕು, ಹದಿನೈದಕ್ಕೆ ನಕ್ಷತ್ರ ಬೀಳುತ್ತದೆ, ಹದಿನಾಲ್ಕು ಮೇಲೆ ನಿಲ್ಲುತ್ತದೆ. ಎರಡು ವರ್ಷದಿಂದ ಬೇಡಿಕೊಂಡದ್ದು ಕೈಗೇ ಬಂದಿತ್ತು. ಚಂದ್ರಮೌಳಿ ಕುಳಿತುಕೊಂಡ.

ಕುಳಿತೇ ಇರುತ್ತಿದ್ದನೋ ಏನೋ. ಆದರೆ ಟೆವಿತಾ ತನ್ನ ದಪ್ಪ ಕೈಯನ್ನು ಹರಿಪ್ರಸಾದನ ಹೆಗಲ ಮೇಲಿಟ್ಟ. "ಅಮೆರಿಕದಲ್ಲಿ ಅಷ್ಟು ದೊಡ್ಡ ಆಟಗಾರರು, ವಕೀಲರನ್ನ ಇಟ್ಕೊಂಡು, ವರ್ಷಗಟ್ಟಲೆ ಇಲ್ಲ ಇಲ್ಲ ಅಂದರು. ಈ ಹುಡುಗ ಒಂದೇ ನಿಮಿಷದಲ್ಲಿ ಹೌದು ಅಂದ. ಯಾರ ಮೇಲೂ ಹಾಕಲಿಲ್ಲ. ನಾನು ನೋಡಿದ ಅತ್ಯಂತ ದೊಡ್ಡ ಹೋಮ್ ರನ್ ಇದೇ," ಎಂದ. ನಲವತ್ತು ಜನ ಎದ್ದು ಚಪ್ಪಾಳೆ ತಟ್ಟಿದರು. ಮಾನ್ಯ ಕುರ್ಚಿಯ ಮೇಲೆ ಹತ್ತಿ ತಟ್ಟಿದಳು. ಕಾತ್ಯಾಯಿನಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಚಂದ್ರಮೌಳಿ ಆ ಚಪ್ಪಾಳೆಯ ನಡುವೆ ಕುಳಿತು ಬೆಂದುಹೋದ. ಹದಿನೈದು ಕಿತ್ತುಕೊಂಡರೂ ಇವನು ಚಿಕ್ಕವನಾಗುತ್ತಿಲ್ಲ. ಕಿತ್ತುಕೊಂಡಷ್ಟೂ ಬೆಳೆಯುತ್ತಿದ್ದಾನೆ. ಅದೂ ನನ್ನ ಮನೆಯ ಪುಡಿ ತಿಂದು, ನನ್ನ ಹೆಂಡತಿಯ ಮಾನ ಕಾಪಾಡಿ. ಹಲಗೆ ಹಾಳಾಗಿ ಹೋಗಲಿ. ಇದೊಂದು ಮಾತ್ರ ಇವನಿಗೆ ಸಿಗಕೂಡದು.

ಅವನು ಮತ್ತೆ ಎದ್ದ. ಎದ್ದ ರಭಸಕ್ಕೆ ಕುರ್ಚಿ ಬಿತ್ತು.

"ಅವನು ಹೇಳಿದ್ದು ಸುಳ್ಳು," ಎಂದ ಇಂಗ್ಲಿಷಿನಲ್ಲಿ. "ಪುಡಿ ನನ್ನ ಮನೆಯದು. ಆರು ವರ್ಷದಿಂದ ನಾನೂ ದಿನಾ ತಿಂತಿದ್ದೀನಿ. ಹದಿನಾಲ್ಕು ಹೊಡೆದ ಬೇಸಿಗೆಯಲ್ಲೂ. ಅದಕ್ಕೂ ನಕ್ಷತ್ರ ಹಾಕಿ. ನಿಯಮ ನಾನೇ ಬರೆದದ್ದು."

ಹೇಳಿ ಮುಗಿಸಿ ಚಪ್ಪಾಳೆಗೆ ಕಾದ. ಅದು ಬಂತು, ಜೋರಾಗಿಯೇ ಬಂತು. ಟೆವಿತಾ ಅವನನ್ನು ಎತ್ತಿಯೇಬಿಟ್ಟ. ಹರಿಪ್ರಸಾದ ಬಂದು ಅವನ ಎರಡೂ ಕೈ ಹಿಡಿದುಕೊಂಡ. ಇಬ್ಬರೂ ಸೋಮವಾರವೇ ಡಾಕ್ಟರ ಹತ್ತಿರ ಹೋಗಬೇಕು, ಪುಡಿಯನ್ನು ಒಮ್ಮೆಲೇ ಬಿಡುವಂತಿಲ್ಲ ಎಂದು ಚಂದ್ರಮೌಳಿ ಅವನಿಗೆ ಹೇಳಿದ. ಒಂದು ತಿಂಗಳು ತಡವಾಗಿ ಹೇಳಿದ. ಹಲಗೆಯಲ್ಲಿ ಎರಡು ನಕ್ಷತ್ರಗಳು ಬಿದ್ದು, ತೊಂಬತ್ತಾರರಲ್ಲಿ ಟೆವಿತಾ ಹೊಡೆದಿದ್ದ ಹನ್ನೊಂದು ಮತ್ತೆ ಕ್ಲಬ್ಬಿನ ದಾಖಲೆಯಾಯಿತು. ಟೆವಿತಾ ಅದಕ್ಕೆ ಇನ್ನೊಂದು ಸಾಸೇಜ್ ತಿಂದ.

ಸಂಜೆ ಕಾರಿನಲ್ಲಿ ಮಾನ್ಯ ಹಿಂದೆ ಕುಳಿತು ಕಿವಿಗೆ ಹಾಡು ಸಿಕ್ಕಿಸಿಕೊಂಡಿದ್ದಳು. ಸಿಗ್ನಲಿನಲ್ಲಿ ಕಾರು ನಿಂತಾಗ ಚಂದ್ರಮೌಳಿ ತಡೆಯಲಾರದೆ ಕೇಳಿದ.

"ಅವನು ಒಪ್ಕೊಂಡಾಗ ನಿಂಗೇನನ್ನಿಸ್ತು?"

"ಹರಿನಾ? ಎಂಥಾ ದೊಡ್ಡ ಮನಸ್ಸು ಅನ್ನಿಸ್ತು ರೀ. ನನ್ನ ಹೆಸರು ಎತ್ತಲಿಲ್ಲ ನೋಡಿ."

"ನಾನು ಎದ್ದಾಗ?"

ಕಾತ್ಯಾಯಿನಿ ಉಗುರಿನ ಅರಿಶಿನವನ್ನು ಕೆರೆಯುತ್ತ ಸ್ವಲ್ಪ ಯೋಚಿಸಿದಳು. ಸುಳ್ಳು ಹೇಳುವ ಅಭ್ಯಾಸ ಅವಳಿಗಿರಲಿಲ್ಲ.

"ಅವನನ್ನ ನೋಡಿಯಾದ್ರೂ ಕಲಿತ್ರಲ್ಲ ಅಂತ ಸಮಾಧಾನ ಆಯ್ತು," ಎಂದಳು.

ಸಿಗ್ನಲ್ ಹಸಿರಾಗಿ ಹಿಂದಿನ ಕಾರಿನವನು ಹಾರ್ನ್ ಒತ್ತಿದರೂ ಚಂದ್ರಮೌಳಿ ಗೇರು ಹಾಕಲಿಲ್ಲ. ಒಂದು ನಿಮಿಷ ಮೊದಲು ಎದ್ದಿದ್ದರೆ ಸಾಕಿತ್ತು ಎಂದು ಅವನು ಲೆಕ್ಕ ಹಾಕುತ್ತಿದ್ದ.